ಹಿಂದೆ ನಿಂತವರ ಹೆಸರು ಕೇಳಿ: ಹೊಸ ಸಂಗೀತಗಾರರನ್ನು ಹುಡುಕುವ ದಾರಿ

ಕೆಲವು ವರ್ಷಗಳ ಹಿಂದೆ ಮಧುಗಿರಿ ಕಡೆಯ ಒಂದು ಜಾತ್ರೆಯಲ್ಲಿ ಒಬ್ಬ ಹುಡುಗ ಉರುಮೆ ಅನ್ನೋ ಎರಡು ಮುಖದ ಚರ್ಮವಾದ್ಯ ಬಾರಿಸುತ್ತಿದ್ದ. ಹದಿನಾರೋ ಹದಿನೇಳೋ ವಯಸ್ಸು. ಒಂದು ಮುಖದ ಮೇಲೆ ಬಾಗಿದ ಕಡ್ಡಿಯನ್ನು ಉಜ್ಜಿ ಗುರ್ ಅನ್ನೋ ನಾದ ಎಬ್ಬಿಸುತ್ತಾ, ಇನ್ನೊಂದು ಮುಖಕ್ಕೆ ಪೆಟ್ಟು ಕೊಡುತ್ತಿದ್ದ. ಮುಕ್ಕಾಲು ನಿಮಿಷ ವೀಡಿಯೊ ಮಾಡಿಕೊಂಡೆ. ಮನೆಗೆ ಬಂದು ಗೆಳೆಯರ ಗುಂಪಿಗೆ ಹಾಕಿದೆ. ಅದರಲ್ಲಿ ಒಬ್ಬ ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿಕೊಂಡಿದ್ದವನು ಕೂಡಲೇ ಫೋನ್ ಮಾಡಿದ. ‘ಇವನ ನಂಬರ್ ಕೊಡು, ನಾವೊಂದು ಹಾಡು ರೆಕಾರ್ಡ್ ಮಾಡ್ತಿದ್ದೀವಿ, ಕರೆಸ್ತೀನಿ’ ಅಂದ. ನನ್ನ ಹತ್ತಿರ ನಂಬರ್ ಇರಲಿಲ್ಲ. ಹೆಸರೂ ಇರಲಿಲ್ಲ. ಊರು ಯಾವುದು ಅಂತಲೂ ಕೇಳಿರಲಿಲ್ಲ. ಮುಂದಿನ ವರ್ಷ ಅದೇ ಜಾತ್ರೆಗೆ ಹೋದೆ. ಬೇರೆ ತಂಡ ಬಂದಿತ್ತು.

ಆ ವೀಡಿಯೊ ಇನ್ನೂ ನನ್ನ ಫೋನಿನಲ್ಲಿದೆ. ಹೊಸ ಸಂಗೀತಗಾರರನ್ನು ಹುಡುಕೋದು ಅಂದರೆ ಹಾಡು ಹುಡುಕೋದಲ್ಲ, ಹೆಸರು ಹುಡುಕೋದು ಅಂತ ನಾನು ಕಲಿತದ್ದು ಅಲ್ಲಿಂದ. ಹಾಡು ಕಿವಿಗೆ ಬಿದ್ದು ಹೋಗಿಬಿಡುತ್ತದೆ. ಹೆಸರು ಸಿಕ್ಕರೆ ಅವರ ಮುಂದಿನ ಹಾಡು ಸಿಗುತ್ತದೆ, ಜೊತೆಗೆ ನುಡಿಸುವವರು ಸಿಗುತ್ತಾರೆ, ಅವರಿಂದ ಇನ್ನೊಬ್ಬರು ಸಿಗುತ್ತಾರೆ.

ಈ ಬರಹ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇರುವವರಿಗಾಗಿ. ಸ್ವತಂತ್ರ ಸಂಗೀತಗಾರರು ಅಂದರೆ ಸಿನಿಮಾದ ಅಥವಾ ದೊಡ್ಡ ಆಡಿಯೊ ಕಂಪನಿಯ ಬೆಂಬಲ ಇಲ್ಲದೆ, ತಾವೇ ಹಾಡು ಕಟ್ಟಿ, ತಾವೇ ದುಡ್ಡು ಹಾಕಿ ರೆಕಾರ್ಡ್ ಮಾಡಿ ಹೊರಗೆ ಬಿಡುವವರು. ಮೈಸೂರಿನಲ್ಲಿ ‘ಸ್ವರಾತ್ಮ’ ಬ್ಯಾಂಡ್ ಶುರುವಾಗಿದ್ದು 2002ರಲ್ಲಿ. ರಘು ದೀಕ್ಷಿತ್ ತಂಡದ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. ಇವತ್ತು ಅವರೆಲ್ಲ ದೊಡ್ಡ ಹೆಸರುಗಳು. ಅವರೂ ಒಂದು ಕಾಲಕ್ಕೆ ಐವತ್ತು ಜನರ ಮುಂದೆ ನುಡಿಸಿದವರೇ ಅಲ್ವಾ? ಈಗ ಆ ಐವತ್ತು ಜನರ ಮುಂದೆ ನಿಂತಿರುವವರು ಯಾರು, ಅವರನ್ನು ಹುಡುಕೋಣ.

ಮೊದಲ ಹೆಜ್ಜೆ: ಇಷ್ಟವಾದ ಹಾಡಿನ ಹಿಂದೆ ಯಾರಿದ್ದಾರೆ ನೋಡಿ

ನಿಮಗೆ ತುಂಬಾ ಇಷ್ಟವಾದ ಒಂದೇ ಒಂದು ಹಾಡು ತೆಗೆದುಕೊಳ್ಳಿ. ಯಾವ ಬಗೆಯದ್ದಾದರೂ ಸರಿ. ಯೂಟ್ಯೂಬ್‌ನಲ್ಲಿದ್ದರೆ ವೀಡಿಯೊ ಕೆಳಗಿನ ವಿವರಣೆ ಪೂರ್ತಿ ಬಿಚ್ಚಿ ಓದಿ. ಸ್ಪಾಟಿಫೈನಲ್ಲಾದರೆ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ ಕ್ರೆಡಿಟ್ಸ್, ಅಂದರೆ ಹಾಡಿಗೆ ಕೆಲಸ ಮಾಡಿದವರ ಪಟ್ಟಿ ನೋಡಿ. ಹಾಡಿದವರನ್ನು ಬಿಡಿ, ಅವರು ನಿಮಗೆ ಗೊತ್ತು. ಕೊಳಲು ಯಾರು? ಬೇಸ್ ಗಿಟಾರ್ ಯಾರು? ಬರೆದವರು ಯಾರು? ಮಿಕ್ಸ್ ಮಾಡಿದವರು ಯಾರು?

ಅದರಲ್ಲಿ ಒಂದು ಹೆಸರು ಆರಿಸಿ ಹುಡುಕಿ. ಹತ್ತರಲ್ಲಿ ಆರೇಳು ಸಲ ಅವರದ್ದೇ ಇನ್ನೊಂದು ತಂಡ ಇರುತ್ತದೆ, ಇಲ್ಲವೇ ಒಬ್ಬರೇ ಮಾಡಿದ ಹಾಡುಗಳಿರುತ್ತವೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಸುಲಭದ ಉದಾಹರಣೆ: ಸ್ವರಾತ್ಮದಿಂದ ಶುರು ಮಾಡಿದರೆ ಅದರ ಗಾಯಕ ವಾಸು ದೀಕ್ಷಿತ್ ಸಿಗುತ್ತಾರೆ. ಅವರಿಂದ ಅವರದ್ದೇ ಇನ್ನೊಂದು ತಂಡ ‘ವಾಸು ದೀಕ್ಷಿತ್ ಕಲೆಕ್ಟಿವ್’. ಅಲ್ಲಿ ನುಡಿಸುವವರ ಹೆಸರು ಬರೆದುಕೊಂಡರೆ ಮುಂದಿನ ವಾರಕ್ಕೆ ಸಾಕಾಗುವಷ್ಟು ಹುಡುಕಾಟ ಸಿದ್ಧ. ಸಿನಿಮಾ ಹಾಡಿನಿಂದಲೂ ಹೊರಡಬಹುದು. ಗಾಯಕಿ ಬಿಂದುಮಾಲಿನಿ ಅವರನ್ನು ಎಷ್ಟೋ ಜನ ಕೇಳಿದ್ದು ಸಿನಿಮಾ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ. ಆದರೆ ಅದಕ್ಕೂ ಮುಂಚಿನಿಂದ ಅವರು ಕಬೀರನ ಪದಗಳನ್ನು ವೇದಾಂತ್ ಭಾರದ್ವಾಜ್ ಜೊತೆ ಹಾಡುತ್ತಾ ಬಂದಿದ್ದರು.

ಒಂದು ನೋಟ್‌ಬುಕ್ ಇಡಿ. ಫೋನಿನಲ್ಲಿ ಬರೆದುಕೊಂಡರೂ ಪರವಾಗಿಲ್ಲ, ಆದರೆ ನನಗೆ ಕಾಗದವೇ ಸರಿ. ಹೆಸರು, ವಾದ್ಯ, ಊರು, ಎಲ್ಲಿ ಕೇಳಿದೆ, ಯಾರ ಜೊತೆ ನುಡಿಸಿದರು. ಐದು ಕಲಂ ಸಾಕು.

ಊರಿನಿಂದ ಶುರು ಮಾಡಿ

ಹೊಸ ಸಂಗೀತ ಅಂದ ಕೂಡಲೇ ನಾವು ಬೆಂಗಳೂರಿನ ಕಡೆ ನೋಡುತ್ತೇವೆ. ನಮ್ಮ ಮೂರು ಜಿಲ್ಲೆಗಳಲ್ಲಿ ಎಷ್ಟಿದೆ ಅಂತ ಗೊತ್ತಾದರೆ ಆಶ್ಚರ್ಯ ಪಡುತ್ತೀರಿ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರವಿದೆ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ್ದು. ಅಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ‘ಹುಣ್ಣಿಮೆ ಹಾಡು’ ಅನ್ನೋ ಕಾರ್ಯಕ್ರಮ ನಡೆಯುತ್ತಾ ಬಂದಿದೆ. ಹಾಡು, ನಾಟಕ, ತಮಟೆ ಎಲ್ಲ ಬಯಲಿನಲ್ಲಿ. ಹೋಗುವ ಮುಂಚೆ ಆ ತಿಂಗಳ ಕಾರ್ಯಕ್ರಮ ಏನು ಅಂತ ವಿಚಾರಿಸಿಕೊಳ್ಳಿ. ಬೆಟ್ಟದ ಮೇಲೆ ರಾತ್ರಿ ಚಳಿ ಜಾಸ್ತಿ, ಹೊದಿಕೆ ಇರಲಿ. ಇಂಥ ಕಡೆ ಮುಖ್ಯ ಕಾರ್ಯಕ್ರಮ ಮುಗಿದ ಮೇಲೆ ಕೂಡಲೇ ಎದ್ದು ಬರಬೇಡಿ. ನುಡಿಸಿದವರು ಟೀ ಕುಡಿಯುತ್ತಾ ಕೂತಿರುತ್ತಾರೆ. ಒಬ್ಬರು ಸುಮ್ನೆ ಗುನುಗುತ್ತಾರೆ, ಇನ್ನೊಬ್ಬರು ಜೊತೆ ಸೇರುತ್ತಾರೆ. ನನ್ನ ನೋಟ್‌ಬುಕ್ಕಿನ ಎಷ್ಟೋ ಹೆಸರುಗಳು ಇಂಥ ಹೊತ್ತಿನಲ್ಲೇ ಸಿಕ್ಕಿದ್ದು.

ತಮಟೆಯ ಮಾತು ಬಂದಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರನ್ನು ನೆನೆಯದೆ ಇರೋದಕ್ಕೆ ಆಗೋದಿಲ್ಲ. ತಮಟೆ ಬಾರಿಸಿ 2023ರಲ್ಲಿ ಪದ್ಮಶ್ರೀ ಪಡೆದವರು. ಈ ಭಾಗದಲ್ಲಿ ಯಾವುದೇ ಯುವ ತಮಟೆ ತಂಡ ಕಂಡರೂ ‘ನಿಮಗೆ ಕಲಿಸಿದವರು ಯಾರು?’ ಅಂತ ಕೇಳಿ. ಆ ಒಂದು ಪ್ರಶ್ನೆ ಅವರ ಮುಖದಲ್ಲಿ ತರುವ ಬದಲಾವಣೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗುರುವಿನ ಹೆಸರು ಹೇಳುತ್ತಾರೆ, ಜೊತೆಗೆ ಕಲಿತವರ ಹೆಸರು ಹೇಳುತ್ತಾರೆ, ‘ಅವನು ನನಗಿಂತ ಚೆನ್ನಾಗಿ ಬಾರಿಸ್ತಾನೆ ಸಾರ್, ಇಂಥ ಊರಲ್ಲಿದ್ದಾನೆ’ ಅಂತ ದಾರಿಯನ್ನೂ ತೋರಿಸುತ್ತಾರೆ.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆ ಹೊತ್ತಿಗೆ ಸಂಗೀತೋತ್ಸವ ನಡೆಯುತ್ತದೆ. 72 ಗಂಟೆ ನಿಲ್ಲದೆ, ಹಗಲು ರಾತ್ರಿ. ಹೆಸರಾದ ವಿದ್ವಾಂಸರ ಜೊತೆಗೆ ಭಜನೆ ತಂಡಗಳೂ ಕಲಿಯುತ್ತಿರುವ ಮಕ್ಕಳೂ ಬರುತ್ತಾರೆ. ಎಲ್ಲರೂ ಸಂಜೆ ಹೊತ್ತಿಗೆ ದೊಡ್ಡವರನ್ನು ಕೇಳೋಕೆ ಹೋಗುತ್ತಾರೆ. ಇಂಥ ಕಡೆ ನಡುರಾತ್ರಿ ದಾಟಿದ ಮೇಲೂ ಕೂತು ನೋಡಿ. ಆ ಹೊತ್ತಿನಲ್ಲಿ ವೇದಿಕೆ ಹತ್ತಿದವರನ್ನು ಹೆಚ್ಚು ಜನ ಕೇಳಿರುವುದಿಲ್ಲ. ಆ ಊರಿನ ಸಂತಕವಿ ಕೈವಾರ ತಾತಯ್ಯನವರು ಕನ್ನಡದಲ್ಲೂ ತೆಲುಗಿನಲ್ಲೂ ಪದ ಕಟ್ಟಿದವರು. ಒಂದೇ ಪದವನ್ನು ಭಜನೆ ತಂಡ ಹಾಡುವ ರೀತಿಗೂ ಶಾಸ್ತ್ರೀಯ ಕಲಿತ ಹುಡುಗಿ ಹಾಡುವ ರೀತಿಗೂ ಇರುವ ವ್ಯತ್ಯಾಸ ಕೇಳಿಸಿಕೊಂಡರೆ ನಿಮ್ಮ ಕಿವಿಗೆ ಒಳ್ಳೆಯ ತರಬೇತಿ ಆಗುತ್ತದೆ.

ತುಮಕೂರು ಜಿಲ್ಲೆಯಲ್ಲಿ ಶಿರಾ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದುವವರಿದ್ದಾರೆ. ಗಣೆ ಅಂದರೆ ಆಳುದ್ದದ ಬಿದಿರಿನ ಕೊಳಲು. ಜುಂಜಪ್ಪನ ಕಥೆಯನ್ನು ಅದರ ಜೊತೆ ಹಾಡುತ್ತಾರೆ. ಇದು ಅವರ ದೈವದ ಹಾಡು, ಹಾಗಾಗಿ ಮನರಂಜನೆ ಅಂದುಕೊಂಡು ಕ್ಯಾಮೆರಾ ಹಿಡಿದು ನುಗ್ಗಬಾರದು. ಮೊದಲು ಹಿರಿಯರನ್ನು ಕೇಳಿ. ರೆಕಾರ್ಡ್ ಬೇಡ ಅಂದರೆ ಬೇಡ. ಕೂತು ಕೇಳಿ ಬನ್ನಿ.

ಸರ್ಕಾರದ ಕಡೆಯಿಂದಲೂ ಒಂದು ಒಳ್ಳೆಯ ಬಾಗಿಲಿದೆ, ಜನ ಅದನ್ನು ಬಳಸೋದು ಕಡಿಮೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಕ್ಕಳಿಗೆ ‘ಚಿಗುರು’, ಯುವಕರಿಗೆ ‘ಯುವ ಸೌರಭ’ ಅಂತ ಕಾರ್ಯಕ್ರಮ ಮಾಡುತ್ತದೆ. ಎಷ್ಟೋ ಸಲ ಪ್ರೇಕ್ಷಕರ ಸಾಲಿನಲ್ಲಿ ಇರೋದು ಹಾಡುವವರ ಅಪ್ಪ ಅಮ್ಮ ಮಾತ್ರ. ನೀವು ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಆಹ್ವಾನ ಪತ್ರಿಕೆ ಬಿಸಾಡಬೇಡಿ. ಹಾಡುವವರ ಹೆಸರು, ಊರು ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ, ನಿಮ್ಮ ನೋಟ್‌ಬುಕ್ಕಿನ ಕೆಲಸ ಅರ್ಧ ಮುಗಿದ ಹಾಗೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ವಾರದ ಕಾರ್ಯಕ್ರಮ ಏನು ಅಂತ ಬೋರ್ಡ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಾಗೇ ಜಾನಪದ ಅಕಾಡೆಮಿ ವರ್ಷವರ್ಷ ಜಿಲ್ಲೆಗೊಬ್ಬರಂತೆ ಪ್ರಶಸ್ತಿ ಕೊಡುವಾಗ ಆ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ. ಪ್ರಶಸ್ತಿ ಪಡೆಯುವವರು ಹಿರಿಯರು, ನಿಜ. ಆದರೆ ಅವರ ಹಿಂದೆ ತಾಳ ಹಾಕುತ್ತಾ ಕೂತಿರುವ ಮೊಮ್ಮಗನೋ ಶಿಷ್ಯೆಯೋ ನೀವು ಹುಡುಕುತ್ತಿರುವ ಹೊಸ ಕಲಾವಿದರು.

ಕಾಲೇಜು ಫೆಸ್ಟ್‌ಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ರ‍್ಯಾಪ್ ಮಾಡುವ ಹುಡುಗರು, ಗಿಟಾರ್ ಹಿಡಿದವರು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.

ಹುಡುಕುವಾಗ ಏನಂತ ಟೈಪ್ ಮಾಡಬೇಕು

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಹೊಸ ಕನ್ನಡ ಹಾಡು’ ಅಂತ ಹಾಕಿದರೆ ಸಿನಿಮಾ ಹಾಡೇ ಬರುತ್ತದೆ. ಊರಿನ ಹೆಸರು ಮತ್ತು ಸಂಗೀತದ ಬಗೆ ಎರಡನ್ನೂ ಸೇರಿಸಿ: ‘ತುಮಕೂರು ರ‍್ಯಾಪ್’, ‘ಕೋಲಾರ ತಮಟೆ’, ‘ಚಿಂತಾಮಣಿ ತತ್ವಪದ’, ‘ತಿಪಟೂರು ಬ್ಯಾಂಡ್’. ಒಮ್ಮೆ ಕನ್ನಡ ಅಕ್ಷರದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ. ತುಮಕೂರಿನ ಇಂಗ್ಲಿಷ್ ಕಾಗುಣಿತ ಸರ್ಕಾರಿ ಲೆಕ್ಕದಲ್ಲಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಹಾಗಾಗಿ ಹಳೆಯ ‘ತುಮ್ಕೂರ್’ ಕಾಗುಣಿತದಲ್ಲೂ ಹೊಸದರಲ್ಲೂ ಎರಡು ಸಲ ಹುಡುಕಿ. ಫಲಿತಾಂಶ ಬೇರೆ ಬೇರೆ ಬರುತ್ತದೆ.

ಭಾಷೆಯನ್ನೂ ಬದಲಿಸಿ ನೋಡಿ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ಹಾಡುವವರು ತುಂಬಾ ಜನ. ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ, ಗಣಿಗೆಂದು ಬಂದ ತಮಿಳು ಕುಟುಂಬಗಳು ಅಲ್ಲೇ ಇವೆ, ಅಲ್ಲಿಗೆ ತಮಿಳಿನಲ್ಲಿ ಹುಡುಕಬೇಕು. ತುಮಕೂರು, ಕೋಲಾರದ ಪೇಟೆಗಳಲ್ಲಿ ದಖನಿ, ಅಂದರೆ ನಮ್ಮ ಕಡೆಯ ಉರ್ದು ಮಾತನಾಡುವ ಹುಡುಗರಿದ್ದಾರೆ, ಹಾಗಾಗಿ ‘ದಖನಿ ರ‍್ಯಾಪ್’ ಅಂತಲೂ ಒಮ್ಮೆ ಹಾಕಿ. ಕನ್ನಡ ಅಭಿಮಾನ ಇರುವವರು ಇದಕ್ಕೆ ಬೇಸರ ಪಡಬೇಕಿಲ್ಲ. ನಮ್ಮ ಪಕ್ಕದ ಬೀದಿಯ ಹಾಡು ಯಾವ ಭಾಷೆಯಲ್ಲಿದ್ದರೂ ನಮ್ಮ ಊರಿನದ್ದೇ.

ಯೂಟ್ಯೂಬ್‌ನಲ್ಲಿ ಫಿಲ್ಟರ್‌ಗೆ ಹೋಗಿ ‘ಈ ತಿಂಗಳು’ ಅಂತ ಆರಿಸಿದರೆ ಹೊಸದಾಗಿ ಹಾಕಿದವು ಮಾತ್ರ ಕಾಣುತ್ತವೆ. ಇನ್ನೂರು, ಮುನ್ನೂರು ಜನ ನೋಡಿರುವ ವೀಡಿಯೊಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಹತ್ತು ಕೇಳಿದರೆ ಎಂಟು ನಿಮಗೆ ಹಿಡಿಸದೇ ಇರಬಹುದು. ಉಳಿದ ಎರಡಕ್ಕಾಗಿಯೇ ಈ ಕೆಲಸ.

ಆ್ಯಪ್‌ಗಳನ್ನು ಬಳಸುವ ಬಗೆ

ಸ್ಪಾಟಿಫೈ ಪ್ರತಿ ಸೋಮವಾರ ‘ಡಿಸ್ಕವರ್ ವೀಕ್ಲಿ’ ಅಂತ 30 ಹಾಡು ಕೊಡುತ್ತದೆ. ಶುಕ್ರವಾರ ಹೊಸದಾಗಿ ಬಿಡುಗಡೆಯಾದ ಹಾಡುಗಳ ‘ರಿಲೀಸ್ ರೇಡಾರ್’. ಒಳ್ಳೆಯದೇ. ಆದರೆ ಈ ಯಂತ್ರ ನೀವು ನಿನ್ನೆ ಕೇಳಿದ್ದನ್ನು ನೋಡಿ ಇವತ್ತು ಬಡಿಸುತ್ತದೆ. ಮನೆಯವರೆಲ್ಲ ಒಂದೇ ಅಕೌಂಟ್ ಬಳಸಿದರೆ ಮಕ್ಕಳ ಶಿಶುಗೀತೆ, ಅಮ್ಮನ ಭಕ್ತಿಗೀತೆ ಎಲ್ಲ ಸೇರಿ ಕಲಸುಮೇಲೋಗರ ಆಗುತ್ತದೆ. ಹುಡುಕಾಟಕ್ಕೆ ಅಂತಲೇ ಬೇರೆ ಉಚಿತ ಅಕೌಂಟ್ ಮಾಡಿ. ಅದರಲ್ಲಿ ಚಿಕ್ಕ ಕಲಾವಿದರನ್ನು ಮಾತ್ರ ಕೇಳಿ, ಅವರನ್ನು ಫಾಲೋ ಮಾಡಿ. ಒಬ್ಬರ ಪುಟದಲ್ಲಿ ಕೆಳಗೆ ಹೋದರೆ ‘ಇವರನ್ನು ಕೇಳುವವರು ಇವರನ್ನೂ ಕೇಳುತ್ತಾರೆ’ ಅನ್ನೋ ಸಾಲು ಇರುತ್ತದೆ. ಪ್ರತಿ ಸಲ ಅದರಲ್ಲಿ ಕೇಳುಗರು ಅತಿ ಕಡಿಮೆ ಇರುವವರನ್ನೇ ಒತ್ತಿ. ನಾಲ್ಕೈದು ಸಲ ಹೀಗೆ ಇಳಿದರೆ ತಿಂಗಳಿಗೆ ನೂರು ಜನ ಕೇಳುವ ಕಲಾವಿದರ ಮನೆ ಬಾಗಿಲಿಗೆ ಬಂದಿರುತ್ತೀರಿ.

ಕಲಾವಿದರು ತಮ್ಮ ಹಾಡುಗಳನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ, ನನಗೆ ಮಾತ್ರ ತುಂಬಾ ಇಷ್ಟ. ಅಲ್ಲಿ ಆಲ್ಬಂಗಳಿಗೆ ಟ್ಯಾಗ್, ಅಂದರೆ ಊರು, ಬಗೆ ಹೇಳುವ ಗುರುತಿನ ಪದ ಇರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಬೆಂಗಳೂರು, ಕರ್ನಾಟಿಕ್, ಮೆಟಲ್, ಆಂಬಿಯೆಂಟ್ ಅಂತ ಹುಡುಕಬಹುದು. ಎಷ್ಟೋ ಆಲ್ಬಂಗಳನ್ನು ಪೂರ್ತಿ ಕೇಳಿ ನೋಡಿದ ಮೇಲೆ ದುಡ್ಡು ಕೊಟ್ಟು ಕೊಳ್ಳಬಹುದು. ಡಿಜಿಟಲ್ ಮಾರಾಟದಲ್ಲಿ ಕಂಪನಿ ತೆಗೆದುಕೊಳ್ಳುವ ಪಾಲು 15%. ಪಾವತಿಯ ಖರ್ಚು ಕಳೆದು ಉಳಿದದ್ದು ಕಲಾವಿದರಿಗೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುವ ಪದ್ಧತಿ ಶುರುವಾಯಿತು. ಕೊಳ್ಳೋದಾದರೆ ಅಂಥ ಶುಕ್ರವಾರ ನೋಡಿ ಕೊಳ್ಳಿ.

ರೇಡಿಯೊ ಮರೆಯಬೇಡಿ. ತುಮಕೂರಿನಲ್ಲಿ ‘ರೇಡಿಯೊ ಸಿದ್ಧಾರ್ಥ’ 90.8 ಸಮುದಾಯ ಬಾನುಲಿ ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಅಂತ ಊರಿನವರೇ, ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿ ಸಿಗದಿದ್ದ ಕಾಲದಲ್ಲಿ, ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಕೇಳಿಸಿದ್ದರು. ಆಕಾಶವಾಣಿ ಕಲಾವಿದರನ್ನು ಆಡಿಷನ್ ಮಾಡಿ ಗ್ರೇಡ್ ಕೊಡುತ್ತದೆ. ಕಾರ್ಯಕ್ರಮದ ಕೊನೆಯಲ್ಲಿ ಪಕ್ಕವಾದ್ಯದವರ ಹೆಸರನ್ನೂ ಓದುತ್ತಾರೆ. ಪೆನ್ನು ಹತ್ತಿರ ಇರಲಿ.

ಕೇಳುವ ರೀತಿ

ನಾನು ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಹೋಗುತ್ತೇನೆ. ಕ್ಯಾತ್ಸಂದ್ರ ದಾಟುವಾಗ ಒಂದು ಆಲ್ಬಂ ಹಾಕಿದರೆ ಚಿಕ್ಕಬಾಣಾವರ ಬರುವ ಹೊತ್ತಿಗೆ ಮುಗಿದಿರುತ್ತದೆ. ಹಾಡು ಹಾರಿಸುವುದಿಲ್ಲ. ಹಿಡಿಸದಿದ್ದರೂ ಪೂರ್ತಿ ಕೇಳುತ್ತೇನೆ, ಒಂದು ವಾರ ಬಿಟ್ಟು ಮತ್ತೆ ಕೇಳುತ್ತೇನೆ. ಮೆಟಲ್ ಸಂಗೀತ ನನಗೆ ಮೊದಲು ಬರೀ ಗದ್ದಲ ಅನ್ನಿಸಿತ್ತು. ಬೆಂಗಳೂರಿನ ‘ಕ್ರಿಪ್ಟೋಸ್’ 1998ರಿಂದ ನುಡಿಸುತ್ತಿರುವ ತಂಡ. ಅವರನ್ನು ಮೂರನೇ ಸಲ ಕೇಳಿದಾಗ ಗಿಟಾರ್ ಎರಡು ಮಾತಾಡಿಕೊಳ್ಳುವುದು ಕೇಳಿಸಿತು. ಆಮೇಲೆ ಆ ಕಡೆಯ ಚಿಕ್ಕ ತಂಡಗಳನ್ನೂ ಹುಡುಕೋದಕ್ಕೆ ಧೈರ್ಯ ಬಂತು.

ತಿಂಗಳಿಗೆ ಒಂದೇ ಬಗೆ ಇಟ್ಟುಕೊಳ್ಳಿ. ಒಂದು ತಿಂಗಳು ಹಿಪ್‌ಹಾಪ್, ಒಂದು ತಿಂಗಳು ಕರ್ನಾಟಕ ಸಂಗೀತದ ಹೊಸಬರು, ಒಂದು ತಿಂಗಳು ಜಾಝ್, ಒಂದು ತಿಂಗಳು ತತ್ವಪದ. ಎಲ್ಲವನ್ನೂ ಒಟ್ಟಿಗೆ ಬೆರೆಸಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಬೆಂಗಳೂರಿಗೆ ಹೋಗುವುದಾದರೆ

ಮೂರು ಊರುಗಳಿಂದಲೂ ಬೆಂಗಳೂರು 60–70 ಕಿಲೋಮೀಟರ್. ಮೊದಲು ವಾಪಸ್ ಬರುವ ರೈಲು ಅಥವಾ ಬಸ್ ನೋಡಿಕೊಂಡು ಆಮೇಲೆ ಟಿಕೆಟ್ ತೆಗೆಯಿರಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಹೆಚ್ಚಿನ ಕಾರ್ಯಕ್ರಮಗಳಿಗೆ ಟಿಕೆಟ್ ಇರುವುದಿಲ್ಲ. ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಅನ್ನೋ ಸಂಗೀತದ ಮ್ಯೂಸಿಯಂ ಇದೆ, ಅಲ್ಲೂ ಕಛೇರಿಗಳು ನಡೆಯುತ್ತವೆ. ಭಾನುವಾರ ಹಗಲಿನ ಕಾರ್ಯಕ್ರಮ ಆರಿಸಿದರೆ ನಮ್ಮಂಥ ದೂರದವರಿಗೆ ಅನುಕೂಲ.

ಒಮ್ಮೆ ನಾನು ದೊಡ್ಡ ತಂಡ ವೇದಿಕೆ ಹತ್ತುವುದು ಒಂಬತ್ತಕ್ಕೆ ಅಂತ ಒಂಬತ್ತಕ್ಕೇ ಹೋದೆ. ಅದಕ್ಕೂ ಮುಂಚೆ ಅರ್ಧ ಗಂಟೆ ಹಾಡಿದ್ದ ಹುಡುಗಿಯ ಹಾಡನ್ನು ಆರು ತಿಂಗಳಾದ ಮೇಲೆ ಫೋನಿನಲ್ಲಿ ಕೇಳಿ, ಅವತ್ತು ಅದೇ ಜಾಗದಲ್ಲಿ ಇದ್ದರಲ್ಲ ಅಂತ ಹೊಟ್ಟೆ ಉರಿದುಕೊಂಡೆ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಸಂಗೀತ ಹಬ್ಬಗಳ ಪೋಸ್ಟರ್ ಓದುವಾಗಲೂ ಹಾಗೆಯೇ. ಕೆಳಗಿನ ಸಾಲಿನ ಸಣ್ಣ ಅಕ್ಷರದಿಂದ ಮೇಲಕ್ಕೆ ಓದಿ.

ಸಿಕ್ಕ ಮೇಲೆ ಏನು ಮಾಡಬೇಕು

ಇಷ್ಟವಾದರೆ ಹೆಸರು ಹಿಡಿದು ಹೇಳಿ. ‘ಸೂಪರ್’ ಅಂತ ಬರೆಯುವುದಕ್ಕಿಂತ ‘ಎರಡನೇ ಚರಣದ ಕೊಳಲು ಚೆನ್ನಾಗಿತ್ತು’ ಅಂತ ಬರೆದರೆ ಕೊಳಲಿನವರಿಗೂ ಅದು ಮುಟ್ಟುತ್ತದೆ. ಹಾಡನ್ನು ಎಂಪಿ3 ಮಾಡಿ ವಾಟ್ಸಾಪ್‌ನಲ್ಲಿ ಹಂಚಬೇಡಿ, ಲಿಂಕ್ ಕಳಿಸಿ. ಅದಕ್ಕೆ ಕಾರಣ ಇದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. 2024ರಿಂದ, ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1000 ಸಲ ಕೇಳಿಸದಿದ್ದರೆ ಅದಕ್ಕೆ ರಾಯಲ್ಟಿ, ಅಂದರೆ ಕೇಳಿದ್ದಕ್ಕೆ ಸಿಗುವ ದುಡ್ಡು ಹಂಚುವುದಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್‌ಗಳು, ಅದರ ಜೊತೆ ಸಾಮಾನ್ಯ ವೀಡಿಯೊಗಳಿಗಾದರೆ ವರ್ಷಕ್ಕೆ 4000 ಗಂಟೆ ನೋಡಿರಬೇಕು. 900ರಲ್ಲಿ ನಿಂತಿರುವ ಒಬ್ಬರಿಗೆ ನಿಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿರುವ ನೂರು ಜನ ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ.

ಕೊನೆಗೆ, ಕರೆಸಿ. ಗಣೇಶನ ಹಬ್ಬಕ್ಕೆ, ಗೃಹಪ್ರವೇಶಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಖರ್ಚಿನಲ್ಲೇ ನಿಮ್ಮ ನೋಟ್‌ಬುಕ್ಕಿನ ಇಬ್ಬರನ್ನು ಒಂದು ಗಂಟೆ ಹಾಡಿಸಬಹುದು. ಒಂದು ತಮಟೆ ತಂಡ, ಒಬ್ಬ ರ‍್ಯಾಪರ್. ಇಬ್ಬರಿಗೂ ಪರಿಚಯ ಮಾಡಿಸಿ, ಮಧ್ಯಾಹ್ನವೇ ಬರಲು ಹೇಳಿ, ಒಟ್ಟಿಗೆ ಊಟಕ್ಕೆ ಕೂರಿಸಿ. ಎಷ್ಟು ಕೊಡಬೇಕು ಅಂತ ಮುಂಚೆಯೇ ಕೇಳಿ, ಬಸ್ ಖರ್ಚು ಬೇರೆ ಇಡಿ, ದುಡ್ಡು ಅವತ್ತು ರಾತ್ರಿಯೇ ಕೈಗೆ ಕೊಡಿ. ‘ನಿಮಗೂ ಪ್ರಚಾರ ಸಿಗುತ್ತಲ್ಲ’ ಅನ್ನೋ ಮಾತು ಬೇಡವೇ ಬೇಡ. ಮತ್ತೆ ಬ್ಯಾನರ್ ಮಾಡಿಸುವಾಗ ‘ಮತ್ತು ತಂಡದವರಿಂದ’ ಅಂತ ಬರೆಸಬೇಡಿ. ಎಂಟು ಜನ ಬರುತ್ತಿದ್ದರೆ ಎಂಟೂ ಹೆಸರು ಹಾಕಿಸಿ, ವಾದ್ಯದ ಹೆಸರಿನ ಜೊತೆ. ಪ್ರಿಂಟ್‌ಗೆ ಕೊಡುವ ಮುಂಚೆ ಒಂದು ಫೋಟೊ ತೆಗೆದು ಅವರಿಗೇ ಕಳಿಸಿ, ಅಕ್ಷರ ಸರಿ ಇದೆಯಾ ಅಂತ ಕೇಳಿ.